ಫಲಕದ ಮೂರು ಸಾಲು: ಹಾಡಿಯ ಜನರನ್ನು ಏನೆಂದು ಬರೆಯಬೇಕು?

ಕಬಿನಿ_ದಡ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಎಚ್.ಡಿ. ಕೋಟೆ ಕಡೆ ಶಾಲೆ ಮಕ್ಕಳಿಗೆ ಕಾಡು ತೋರಿಸುವ ಶಿಬಿರ ಒಂದಿದೆ. ಅಲ್ಲಿ ಗೋಡೆಗೆ ಹಾಕುವ ಫಲಕಗಳಿಗೆ ಕನ್ನಡ ಬರೆದುಕೊಡುವುದು ನನ್ನ ಕೆಲಸ. ಆನೆ, ಕಾಟಿ, ತೇಗ, ಮತ್ತಿ, ಕಬಿನಿ ಅಣೆಕಟ್ಟು, ಎಲ್ಲ ಬರೆದಾಯ್ತು. ಕೊನೆಯ ಫಲಕ ಜನರ ಬಗ್ಗೆ. ಬರೀ ಮೂರು ಸಾಲು. ನಾನು ಬರೆದದ್ದು ಇಷ್ಟು:

"ಈ ಕಾಡಿನಲ್ಲಿ ಹಿಂದೆ ಜೇನು ಕುರುಬರು ಎಂಬ ಕಾಡುಜನರು ವಾಸಿಸುತ್ತಿದ್ದರು. ಜೇನು ಕೀಳುವುದು, ಗೆಡ್ಡೆ ಗೆಣಸು ಅಗೆಯುವುದು ಅವರ ಕಸುಬಾಗಿತ್ತು. ಅವರು ಪ್ರಕೃತಿಯ ಮಕ್ಕಳಾಗಿದ್ದರು."

ಅಚ್ಚಿಗೆ ಕೊಡುವ ಮೊದಲು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಶಿಬಿರದ ಅಡುಗೆಮನೆಗೆ ಸೊಪ್ಪು ತಂದುಕೊಡುವ ಒಬ್ಬರು ಅಜ್ಜಿ ಇದ್ದಾರೆ. ಜೇನು ಕುರುಬರು, ಹತ್ತಿರದ ಹಾಡಿಯವರು. ಹಾಡಿ ಅಂದರೆ ಅವರ ಊರು. ಅವತ್ತು ಮೊಮ್ಮಗನೂ ಜೊತೆಗಿದ್ದ. ಐದನೇ ಕ್ಲಾಸು. ಅವನು ಅಕ್ಷರದ ಕೆಳಗೆ ಬೆರಳಿಟ್ಟು ಜೋರಾಗಿ ಓದಿದ. ಅಜ್ಜಿ ಸೊಪ್ಪಿನ ಕಟ್ಟು ಕೆಳಗಿಟ್ಟು, "ಮೊದಲನೇದು ಇನ್ನೊಂದು ಸಲ ಓದು" ಅಂದರು. ಅವನು ಓದಿದ. ಅಜ್ಜಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಕಟ್ಟು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಅವತ್ತಿನಿಂದ ನನಗೆ ಸಮಾಧಾನ ಇಲ್ಲ. 'ಕಾಡುಜನ' ಅನ್ನುವ ಮಾತು ಚುಚ್ಚಿತು ಅಂತ ಕಾಣುತ್ತದೆ. ಅದನ್ನು ಹೊಡೆದುಹಾಕಿ ಏನು ಬರೆಯಲಿ? ಆದಿವಾಸಿ? ಗಿರಿಜನ? ಬುಡಕಟ್ಟು? ಮೂಲನಿವಾಸಿ? ಪರಿಶಿಷ್ಟ ಪಂಗಡ? ಐದೂ ಬರೆದು ನೋಡಿದೆ. ಐದೂ ಬೇರೆಬೇರೆ ಕಡೆಯಿಂದ ಬಂದ ಮಾತುಗಳು ಅನ್ನಿಸಿತು. ಮುಂದಿನ ವಾರ ಅಚ್ಚಿಗೆ ಕೊಡಬೇಕು. ಗೊತ್ತಿದ್ದವರು ಹೇಳಿ.

ನಿವೃತ್ತ_ಮೇಷ್ಟ್ರು

ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ನೀವು ಹೇಳಿದ ಒಂದೊಂದು ಪದವೂ ಎಲ್ಲಿಂದ ಬಂತು ಅಂತ ಸ್ವಲ್ಪ ಬರೆಯುತ್ತೇನೆ, ಆಮೇಲೆ ನೀವೇ ಆರಿಸಿಕೊಳ್ಳಿ.

ಇವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಒಂದು ಹೆಸರು ಕೊಡಬೇಕು ಅನ್ನುವ ಯೋಚನೆ ಬ್ರಿಟಿಷರ ಕಾಲದ್ದು. ಅದಕ್ಕೆ ಮೊದಲು ಸೋಲಿಗರು ಸೋಲಿಗರು, ಕೊರಗರು ಕೊರಗರು, ಗೊಂಡರು ಗೊಂಡರು. ಜನಗಣತಿಗೆ ಕಾಲಂ ಬೇಕಿತ್ತು. ಕಾಲಂಗೆ ತಲೆಬರಹ ಬೇಕಿತ್ತು. 1891ರ ಗಣತಿಯಲ್ಲಿ 'ಕಾಡಿನ ಬುಡಕಟ್ಟು' ಅಂದರು. ಮುಂದಿನ ಗಣತಿಗಳಲ್ಲಿ ಇವರ ಧರ್ಮಕ್ಕೆ 'ಆನಿಮಿಸ್ಟ್', ಅಂದರೆ ಕಲ್ಲು ಮರದಲ್ಲೂ ಜೀವ ಕಾಣುವವರು, ಅಂತ ಹೆಸರಿಟ್ಟರು. 1931ರಲ್ಲಿ 'ಪ್ರಿಮಿಟಿವ್ ಟ್ರೈಬ್', ಅಂದರೆ ಆದಿಮ ಬುಡಕಟ್ಟು. 1935ರ ಕಾಯ್ದೆಯಲ್ಲಿ 'ಹಿಂದುಳಿದ ಬುಡಕಟ್ಟು'. ಒಂದೊಂದು ಸಲವೂ ಎಣಿಸುವವರೇ ಹೆಸರಿಟ್ಟರು. ಎಣಿಸಿಕೊಂಡವರನ್ನು ಯಾರೂ ಕೇಳಲಿಲ್ಲ.

ಬರೀ ಹೆಸರಲ್ಲ, ಅಳತೆ ಕೂಡ. ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ 7 ಸಂಪುಟ ತಂದ. ಅವನು ಜನರ ಮೂಗಿನ ಉದ್ದಗಲ, ತಲೆಯ ಉದ್ದಗಲ ಅಳೆಯುತ್ತಿದ್ದ. ಮೂಗು ಎಷ್ಟು ಅಗಲವೋ ಜನ ಅಷ್ಟು 'ಕೀಳು' ಅನ್ನುವ ನಂಬಿಕೆ ಆ ಕಾಲದ ಗಣತಿಯವರಲ್ಲಿ ಇತ್ತು. ನಮ್ಮ ಎಷ್ಟೋ ಪುಸ್ತಕಗಳು ಇವತ್ತಿಗೂ ಆ ಸಂಪುಟಗಳಿಂದಲೇ ಸಾಲು ಎತ್ತಿಕೊಳ್ಳುತ್ತವೆ. ಇದು ನನಗೆ ತುಂಬ ನೋವಿನ ವಿಷಯ.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ ಪರಿಶಿಷ್ಟ ಪಂಗಡ ಅಂತ ಆಯಿತು. ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಇದ್ದರು. 1928ರ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದವರು. 1946ರ ಡಿಸೆಂಬರ್‌ನಲ್ಲಿ ಅವರು ಎದ್ದು ನಿಂತು, ಜನ ಬೈಗುಳವಾಗಿ ಬಳಸುವ 'ಜಂಗ್ಲಿ' ಅನ್ನುವ ಮಾತನ್ನೇ ತಮ್ಮ ಗುರುತಾಗಿ ಹೇಳಿಕೊಂಡರು. ಕೋಟ್ಯಂತರ ಜಂಗ್ಲಿಗಳ ಪರವಾಗಿ ಮಾತಾಡುತ್ತಿದ್ದೇನೆ ಅಂದರು. ಅವರಿಗೆ ಬೇಕಿದ್ದ ಪದ 'ಆದಿವಾಸಿ'. ಕರಡಿನ ಅನುವಾದದಲ್ಲಿ 'ವನಜಾತಿ' ಅಂತ ಬಂದಾಗ ಅದಕ್ಕೂ ಅವರು ತಕರಾರು ತೆಗೆದರು. ಆದರೂ ಆದಿವಾಸಿ ಅನ್ನುವ ಪದ ಸಂವಿಧಾನದೊಳಗೆ ಬರಲಿಲ್ಲ.

ಇನ್ನೊಂದು ವಿಷಯ. ಯಾರನ್ನು ಪಂಗಡದ ಪಟ್ಟಿಗೆ ಸೇರಿಸಬೇಕು ಅನ್ನುವುದಕ್ಕೆ ಲೋಕೂರ್ ಸಮಿತಿ 1965ರಲ್ಲಿ ಲಕ್ಷಣಗಳನ್ನು ಕೊಟ್ಟಿತು. ಆದಿಮ ಗುಣ, ಬೇರೆಯದೇ ಸಂಸ್ಕೃತಿ, ದೂರದ ಜಾಗದಲ್ಲಿ ವಾಸ, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಇವತ್ತಿಗೂ ಈ ಐದನ್ನೇ ನೋಡುತ್ತಾರೆ. ಯೋಚನೆ ಮಾಡಿ. ತಮ್ಮ ಹಕ್ಕು ಸಿಗಬೇಕಾದರೆ ತಾವು ಸಂಕೋಚದವರು, ಹಿಂದುಳಿದವರು ಅಂತ ಆ ಜನರೇ ಸಾಬೀತು ಮಾಡಬೇಕು. ಬ್ರಿಟಿಷರು ಹೋದರು, ಅವರ ಅಳತೆಗೋಲು ನಮ್ಮ ಕೈಗೆ ಬಂತು.

ನನ್ನ ಮತ ಆದಿವಾಸಿಗೆ.

ಸರಳ_ಮಾತು

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತಿದ್ದೇನೆ. ಇಷ್ಟೆಲ್ಲ ಯಾಕೆ? ವನವಾಸಿ ಅನ್ನಬಹುದಲ್ವಾ? ಕಾಡಿನಲ್ಲಿ ಇರುವವರು ಅಂತ ಅರ್ಥ. ಬೈಗುಳ ಅಲ್ಲ, ಚಂದದ ಮಾತು. ಆದಿವಾಸಿ ಅಂದರೆ ಅವರು ಮೊದಲಿನವರು, ನಾವು ಆಮೇಲೆ ಬಂದವರು ಅಂತ ಆಗುತ್ತದೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಅದು ಸರಿ. ಅಲ್ಲಿ ಹಡಗಿನಲ್ಲಿ ಬಂದು ನೆಲ ಕಿತ್ತುಕೊಂಡರು. ಇಲ್ಲಿ ನಾವೆಲ್ಲ ಇದೇ ಮಣ್ಣಿನವರು. ನಮ್ಮನ್ನು ಆಳಿದವರು 1947ರಲ್ಲಿ ಹೊರಟುಹೋದರು. ಒಂದೇ ನೆಲದ ಜನರನ್ನು ಪದದಿಂದ ಎರಡು ಮಾಡುವುದು ನನಗೆ ಇಷ್ಟ ಆಗುವುದಿಲ್ಲ.

ನಿವೃತ್ತ_ಮೇಷ್ಟ್ರು

ನೀವು ಹೇಳಿದ್ದೇ ನಮ್ಮ ಸರ್ಕಾರದ ನಿಲುವೂ ಹೌದು. 2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಬಂದಾಗ ಭಾರತ ಅದರ ಪರವಾಗಿ ಮತ ಹಾಕಿತು. ಆದರೆ ಇಲ್ಲಿ ಎಲ್ಲರೂ ಮೂಲನಿವಾಸಿಗಳೇ ಅಂತ ಹೇಳುತ್ತಾ ಬಂದಿದೆ. ಇತ್ತ 2011ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಇವತ್ತಿನ ಆದಿವಾಸಿಗಳು ಬಹುಶಃ ಈ ನೆಲದ ಮೊದಲ ನಿವಾಸಿಗಳ ಸಂತತಿ ಅಂದಿತು. ಅಂದರೆ ದೊಡ್ಡವರಲ್ಲೇ ಒಮ್ಮತ ಇಲ್ಲ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ವನವಾಸಿ ಅಂದರೆ ಎಲ್ಲಿದ್ದಾರೆ ಅಂತ ಹೇಳುತ್ತದೆ. ಕಾಡಿನಿಂದ ಹೊರಗೆ ಹಾಕಿದ ಮರುದಿನ ಆ ಪದ ಅವರಿಗೆ ಸಲ್ಲುವುದಿಲ್ಲ. ಆದಿವಾಸಿ ಅಂದರೆ ಎಂದಿನಿಂದ ಇದ್ದಾರೆ ಅಂತ. ಅದನ್ನು ಎತ್ತಂಗಡಿ ಮಾಡಲು ಆಗುವುದಿಲ್ಲ.

ಪೋಡಿನ_ಹುಡುಗ

ಇಷ್ಟು ಹೊತ್ತು ಸುಮ್ನೆ ಓದುತ್ತಾ ಇದ್ದೆ. ನಾನು ಸೋಲಿಗ. ನಮ್ಮದು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡು. ಪೋಡು ಅಂದರೆ ನಮ್ಮ ಊರು. ಜೇನು ಕುರುಬರು ಹಾಡಿ ಅನ್ನುತ್ತಾರೆ, ನಾವು ಪೋಡು ಅನ್ನುತ್ತೇವೆ. ಹೊರಗಿನವರು ಎರಡಕ್ಕೂ 'ಕಾಲೋನಿ' ಅನ್ನುತ್ತಾರೆ.

ಆದಿವಾಸಿ, ಗಿರಿಜನ, ಬುಡಕಟ್ಟು, ಈ ಮೂರರಲ್ಲಿ ಯಾವುದು ಕೇಳಿದರೂ ನನಗೆ ಅಷ್ಟು ನೋವಾಗುವುದಿಲ್ಲ. ಸಂಘದ ಸಭೆಯಲ್ಲಿ ಆದಿವಾಸಿ ಅನ್ನುತ್ತೇವೆ. ಅರ್ಜಿಯಲ್ಲಿ ಪರಿಶಿಷ್ಟ ಪಂಗಡ ಅಂತ ಬರೆಯುತ್ತೇವೆ. ಹಳಬರು ಗಿರಿಜನ ಅಂತಲೇ ಹೇಳುತ್ತಾರೆ, ಆಸ್ಪತ್ರೆ, ಶಾಲೆ ಎಲ್ಲ ಆ ಹೆಸರಲ್ಲೇ ಬಂದದ್ದು. ಮನೆಯೊಳಗೆ ಸೋಲಿಗರು ಅಷ್ಟೆ.

ನನಗೆ ನೋವು ಕೊಡುವ ಪದಗಳು ಬೇರೆ. ಅವು ನಿಮ್ಮ ಪಟ್ಟಿಯಲ್ಲೇ ಇಲ್ಲ.

ಮೊದಲನೆಯದು 'ಒತ್ತುವರಿ'. ಬ್ರಿಟಿಷರು 1878ರ ಅರಣ್ಯ ಕಾಯ್ದೆಯಲ್ಲಿ ಕಾಡನ್ನು ಕಾಯ್ದಿಟ್ಟ ಕಾಡು, ರಕ್ಷಿತ ಕಾಡು, ಗ್ರಾಮದ ಕಾಡು ಅಂತ ಭಾಗ ಮಾಡಿದರು. ಮೈಸೂರು ಸಂಸ್ಥಾನದಲ್ಲೂ 1900ರಲ್ಲಿ ಅದೇ ತರಹದ ನಿಯಮ ಬಂತು. ತೇಗ ಬೇಕಿತ್ತು, ರೈಲು ಹಳಿಗೆ ದಿಮ್ಮಿ ಬೇಕಿತ್ತು. ಗೆರೆ ಎಳೆದರು. ಗೆರೆಯ ಒಳಗೆ ಮೊದಲೇ ಇದ್ದವರು ಒಂದೇ ದಿನದಲ್ಲಿ ಒತ್ತುವರಿದಾರರಾದರು. ನಮ್ಮ ಬೆಟ್ಟ 1974ರಲ್ಲಿ ವನ್ಯಧಾಮ ಆಯಿತು. ಆಗ ಬೇಸಾಯ ಬಿಡಿಸಿ, ಚದುರಿದ್ದ ಪೋಡುಗಳನ್ನು ಒಂದೊಂದು ಕಡೆ ತಂದು ಕೂರಿಸಿದರು. 1947 ನಮ್ಮ ಬೆಟ್ಟಕ್ಕೆ ಬಂದದ್ದು ನನ್ನ ತಾತನಿಗೆ ಗೊತ್ತೇ ಆಗಲಿಲ್ಲ. ಅದೇ ಕಾಯ್ದೆ, ಅದೇ ಖಾಕಿ. ಸರಳ_ಮಾತು ಅವರೇ, ನೀವು ಮನಸ್ಸಿಟ್ಟು ಕೇಳಿದ್ದೀರಿ, ಅದಕ್ಕೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಹಡಗಿನಲ್ಲಿ ಬಂದವರು ನಿಮಗೆ ಹೊರಟುಹೋದರು. ಅವರು ಎಳೆದ ಗೆರೆ ನಮಗೆ ಹಾಗೇ ಉಳಿಯಿತು.

ಎರಡನೆಯದು 'ಕಿರು ಅರಣ್ಯ ಉತ್ಪನ್ನ'. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ, ಅಂಟುವಾಳ. ನಮ್ಮ ಇಡೀ ವರ್ಷದ ಬದುಕು ಅದು. ಬ್ರಿಟಿಷರಿಗೆ ಮರ ದೊಡ್ಡದು, ಉಳಿದದ್ದೆಲ್ಲ ಕಿರಿದು. ಮಳೆ ಬರುವ ಮೊದಲು ಹೆಜ್ಜೇನು ಇಳಿಸಲು ರಾತ್ರಿ ಮರ ಹತ್ತಿದವರಿಗೆ ಗೊತ್ತು, ಅದು ಕಿರಿದೋ ಹಿರಿದೋ ಅಂತ. ಈಗಿನ ಕಾಯ್ದೆಯಲ್ಲೂ ಅದೇ 'ಕಿರು' ಇದೆ.

ಮೂರನೆಯದು ಬೆಂಕಿ. ನಮ್ಮ ಹಿರಿಯರು ವರ್ಷದ ಮೊದಲಲ್ಲೇ ನೆಲದ ಮೇಲಿನ ಒಣ ಎಲೆಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತ ಅದಕ್ಕೆ ಹೆಸರು. ಹುಲ್ಲು ಚಿಗುರುತ್ತಿತ್ತು, ಬೇಸಿಗೆಯಲ್ಲಿ ದೊಡ್ಡ ಬೆಂಕಿ ಬೀಳುತ್ತಿರಲಿಲ್ಲ. ಇಲಾಖೆ ಅದಕ್ಕೆ 'ಕಾಡಿಗೆ ಬೆಂಕಿ ಹಚ್ಚುವುದು' ಅಂತ ಹೆಸರಿಟ್ಟು ನಿಲ್ಲಿಸಿತು. ಆಮೇಲೆ ಲಂಟಾನ ಎದೆಯೆತ್ತರ ಬೆಳೆಯಿತು. ಲಂಟಾನ ಕೂಡ ಬ್ರಿಟಿಷರೇ ತೋಟದ ಅಂದಕ್ಕೆ ಅಂತ ಈ ದೇಶಕ್ಕೆ ತಂದ ಗಿಡ. ನಮ್ಮ ಹಿರಿಯರು ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಈಗೀಗ ವಿಜ್ಞಾನಿಗಳೂ ಅದನ್ನೇ ಬರೆಯುತ್ತಿದ್ದಾರೆ.

ಒಳ್ಳೆಯದನ್ನೂ ಹೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಮೊದಲ ಪುಟದಲ್ಲೇ 'ಐತಿಹಾಸಿಕ ಅನ್ಯಾಯ' ಅಂತ ಇದೆ. ಸರ್ಕಾರ ತಾನೇ ಅನ್ಯಾಯ ಅಂತ ಬರೆದುಕೊಂಡ ಮಾತು ಅದು. 2011ರ ಜನವರಿಯಲ್ಲಿ ನಮ್ಮ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಅದೇ ವರ್ಷ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರವೂ ಬಂತು. ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತಾರೆ. ದೊಡ್ಡ ಸಂಪಿಗೆ ಮರದ ಹತ್ತಿರ ಈಗಲೂ ನಾವೇ ಪೂಜೆ ಮಾಡುತ್ತೇವೆ.

ಕಬಿನಿ_ದಡ ಅವರೇ, 'ಪ್ರಕೃತಿಯ ಮಕ್ಕಳು' ಅನ್ನುವುದನ್ನು ದಯವಿಟ್ಟು ತೆಗೆಯಿರಿ. ಮಕ್ಕಳು ಅಂದ ಮೇಲೆ ಅವರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಬಹುದು ಅಂತ ಆಗುತ್ತದೆ.

ಕಬಿನಿ_ದಡ

ತೆಗೆದೆ. ಈಗಲೇ. ಆ ಸಾಲು ನನಗೆ ತುಂಬ ಇಷ್ಟವಾಗಿತ್ತು, ಅದಕ್ಕೇ ನಿಮ್ಮ ಮಾತು ಜಾಸ್ತಿ ನಾಟಿತು. ಬೇರೆಯವರೂ ಬರೆಯಿರಿ.

ಸೆಟ್ಲ್‌ಮೆಂಟ್_ಮನೆ

ನಾನು ಹುಬ್ಬಳ್ಳಿಯವನು. ನಮ್ಮದು ಪರಿಶಿಷ್ಟ ಪಂಗಡ ಅಲ್ಲ, ಕಾಡಿನ ಜನವೂ ಅಲ್ಲ. ಆದರೂ ಈ ಚರ್ಚೆಯಲ್ಲಿ ನಮ್ಮ ಮಾತು ಒಂದಿಷ್ಟು ಇರಲಿ.

ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅಂತ ಒಂದು ಏರಿಯಾ ಇದೆ. ಆಟೋದವರಿಗೆ ಹೇಳಿದರೆ ಸಾಕು, ತಂದು ಬಿಡುತ್ತಾರೆ. ಆ ಹೆಸರು ಯಾಕೆ ಬಂತು ಅಂತ ಊರಿನ ಅರ್ಧ ಜನಕ್ಕೆ ಗೊತ್ತಿಲ್ಲ. ಅದು ಬ್ರಿಟಿಷರು ನಮ್ಮ ಹಿರಿಯರನ್ನು ಕೂಡಿಹಾಕಿದ ಜಾಗ. 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಅಂತ ತಂದರು. 1911ರಲ್ಲಿ ಅದನ್ನು ಇಡೀ ದೇಶಕ್ಕೆ ಹರಡಿದರು. ಒಂದು ಜಾತಿಯಲ್ಲಿ ಹುಟ್ಟಿದ್ದೇ ಅಪರಾಧ. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ದಿನಾ ಹಾಜರಿ ಹೇಳಬೇಕು, ಊರು ಬಿಡಬೇಕಾದರೆ ಪಾಸು ಬೇಕು. ಹುಬ್ಬಳ್ಳಿ, ಗದಗದ ಗಿರಣಿಗಳಿಗೆ ಈ ಸೆಟ್ಲ್‌ಮೆಂಟುಗಳಿಂದಲೇ ಆಳು ಹೋಗುತ್ತಿದ್ದರು. ನೂಲು ಸುತ್ತಿ ಸಂಜೆ ಬಂದು ಮತ್ತೆ ಹಾಜರಿ.

ಊರೂರು ತಿರುಗಿ ಬದುಕುವ ಜನರೆಂದರೆ ಆ ಸರ್ಕಾರಕ್ಕೆ ಆಗುತ್ತಿರಲಿಲ್ಲ. ಕಂದಾಯ ಕಟ್ಟದೆ, ಒಂದು ಕಡೆ ನಿಲ್ಲದೆ ಇರುವವರು ಕಳ್ಳರೇ ಇರಬೇಕು ಅನ್ನುವ ಲೆಕ್ಕ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ನಮ್ಮವರು ವಿಮುಕ್ತರು ಅಂತ ಆದರು. ನಮ್ಮ ತಾತ ಆ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಹಾಜರಿಗೆ ಹೋಗಿ ನಿಂತಿದ್ದರಂತೆ. ಮನೆಯಲ್ಲಿ ಇದನ್ನು ಈಗಲೂ ಹೇಳುತ್ತಾರೆ, ಹೇಳುವಾಗ ದನಿ ಇಳಿಯುತ್ತದೆ. ಕಾಯ್ದೆ ಹೋದ ಮೇಲೆ 'ರೂಢಿಗತ ಅಪರಾಧಿ' ಅನ್ನುವ ಇನ್ನೊಂದು ಹೆಸರಿನ ಕಾಯ್ದೆಗಳು ಬಂದವು. ಜೈಲಿನ ಕೈಪಿಡಿಗಳಲ್ಲಿ ನಮ್ಮಂಥ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿ ಅನ್ನುವ ಗುರುತು ಹಾಗೇ ಉಳಿದಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಲು ಹೇಳಿತು. ಎಪ್ಪತ್ತೆರಡು ವರ್ಷ ಬೇಕಾಯಿತು.

ಈಗ ಪದದ ವಿಷಯ. ನಮ್ಮ ಭಾಗದಲ್ಲಿ ಗಂಟಿಚೋರ ಅಂತ ಒಂದು ಸಮುದಾಯ ಇದೆ. ಸರ್ಕಾರದ ಪಟ್ಟಿಯಲ್ಲೂ ಅದೇ ಹೆಸರು. ನಾನು ಆ ಸಮುದಾಯದವನು. ಮಗಳನ್ನು ಶಾಲೆಗೆ ಸೇರಿಸುವಾಗ ಪ್ರಮಾಣಪತ್ರ ಕೊಟ್ಟೆ. ಶಾಲೆಯ ಹೆಸರು ಬೇಡ. ಗುಮಾಸ್ತರು ಓದಿ, ತಲೆ ಎತ್ತಿ ನನ್ನನ್ನು ನೋಡಿದರು, ಮೇಜಿನ ಮೇಲಿದ್ದ ತಮ್ಮ ಮೊಬೈಲನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಒಂದು ಮಾತೂ ಆಡಲಿಲ್ಲ. ಮಗಳು ನೋಡುತ್ತಿದ್ದಳು.

ಹೆಸರು ಬದಲಿಸೋಣ ಅಂದರೆ ಪಟ್ಟಿಯಿಂದ ಹೊರಗೆ ಬೀಳುವ ಭಯ. ಹೆಸರು ಇಟ್ಟುಕೊಂಡರೆ ಮಗಳ ಹಣೆ ಮೇಲೆ ಆ 'ಚೋರ'. ಹೆಸರು ಸುಮ್ನೆ ಗಾಳಿಯ ಮಾತಲ್ಲ ಸರ್.

ಸರಳ_ಮಾತು

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಹುಬ್ಬಳ್ಳಿಯಲ್ಲಿ ಎಂಟು ವರ್ಷ ಇದ್ದೆ. ಸೆಟ್ಲ್‌ಮೆಂಟ್ ಅಂದರೆ ಹೊಸ ಬಡಾವಣೆ ಅಂದುಕೊಂಡಿದ್ದೆ.

ಕಡಲ_ತಡಿ

ಒಂದು ಎಚ್ಚರಿಕೆ ಹೇಳಬೇಕು ಅನ್ನಿಸುತ್ತಿದೆ. ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಬಾರದು.

ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಕೊರಗರು ಇದ್ದಾರೆ. ಕರ್ನಾಟಕದಲ್ಲಿ ಜೇನು ಕುರುಬರು ಮತ್ತು ಕೊರಗರು ಇಬ್ಬರನ್ನು ಮಾತ್ರ ಕೇಂದ್ರ ಸರ್ಕಾರ 'ವಿಶೇಷ ದುರ್ಬಲ ಬುಡಕಟ್ಟು' ಅಂತ ಗುರುತಿಸಿದೆ. 2006ರವರೆಗೆ ಆ ಪಟ್ಟಿಯ ಹೆಸರೇ 'ಆದಿಮ ಬುಡಕಟ್ಟು' ಅಂತ ಇತ್ತು. 'ಆದಿಮ' ಹೋಗಿ 'ದುರ್ಬಲ' ಬಂತು. ಅದರಿಂದ ಗೌರವ ಹೆಚ್ಚಿತೋ ಇಲ್ಲವೋ ನೀವೇ ಹೇಳಿ.

ಕೊರಗರಿಗೆ ಆದದ್ದು ಹೊರಗಿನವರು ಬರುವ ಮೊದಲಿನದು. ಅಜಲು ಅಂತ ಒಂದು ಪದ್ಧತಿ ಇತ್ತು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ, ನಮ್ಮ ಮನೆಯ ಕೆಡುಕು, ಕಾಯಿಲೆ ಅವರ ಮೈಗೆ ಹೋಯಿತು ಅಂತ ನಂಬುತ್ತಿದ್ದರು. ಇದನ್ನು ಯಾವ ಬಿಳಿಯ ಅಧಿಕಾರಿಯೂ ಕಲಿಸಿಕೊಟ್ಟದ್ದಲ್ಲ. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಹಬ್ಬಗಳಲ್ಲಿ ಮೈಗೆ ಮಸಿ ಬಳಿದುಕೊಂಡು 'ಕೊರಗ ವೇಷ' ಹಾಕುವುದನ್ನು ನಾನೇ ಚಿಕ್ಕವಳಿದ್ದಾಗ ನೋಡಿ ಚಪ್ಪಾಳೆ ತಟ್ಟಿದ್ದೇನೆ. ಆಗ ಗೊತ್ತಿರಲಿಲ್ಲ. ಈಗ ನೆನೆದರೆ ಹೊಟ್ಟೆ ತೊಳಸುತ್ತದೆ.

ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಕೊರಗಜ್ಜನಿಗೆ ಹರಕೆ ಹೇಳುತ್ತೇವೆ. ವೀಳ್ಯದೆಲೆ, ಚಕ್ಕುಲಿ ಇಡುತ್ತೇವೆ. ಕೊರಗರ ಆ ದೈವಕ್ಕೆ ಕೈ ಮುಗಿಯುವ ಜನರೇ ಕೊರಗರನ್ನು ಅಂಗಳದ ಹೊರಗೆ ನಿಲ್ಲಿಸಿ ಮಾತಾಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಶಾಲೆಯಲ್ಲಿ 'ಕೊರಗ' ಅನ್ನುವುದು ಬೈಗುಳ ಆಗಿತ್ತು. ಆ ಸಮುದಾಯದ ಹೊಸ ತಲೆಮಾರಿನವರು ಹೆಸರನ್ನು ಬಿಟ್ಟಿಲ್ಲ. ನಾವು ಕೊರಗರು ಅಂತಲೇ ಎದೆ ಎತ್ತಿ ಹೇಳುತ್ತಾರೆ. ಅವರು ಬಿಡದ ಹೆಸರನ್ನು ನಾವು 'ಮರ್ಯಾದೆಗೆ' ಅಂತ ಬೇರೆ ಪದದಿಂದ ಮುಚ್ಚುವುದೂ ತಪ್ಪು.

ವ್ಯಾಂಕೂವರ್_ಮಳೆ

ಹದಿನಾಲ್ಕು ವರ್ಷದಿಂದ ಕೆನಡಾದಲ್ಲಿ ಇದ್ದೇನೆ. ಮೂಲ ಚಿಕ್ಕಮಗಳೂರು. ಇಲ್ಲಿ ಬಂದ ಹೊಸದರಲ್ಲಿ ಒಬ್ಬರು ನನ್ನನ್ನು 'ಈಸ್ಟ್ ಇಂಡಿಯನ್' ಅಂದರು. ಪೂರ್ವ ಭಾರತ ಅಲ್ಲ, ದಕ್ಷಿಣ ಅಂತ ತಿದ್ದಿದೆ. ಆಮೇಲೆ ತಿಳಿಯಿತು, ಇಲ್ಲಿ 'ಇಂಡಿಯನ್' ಅನ್ನುವ ಹೆಸರನ್ನು ಐನೂರು ವರ್ಷದ ಹಿಂದೆಯೇ ಈ ನೆಲದ ಮೂಲನಿವಾಸಿಗಳಿಗೆ ಕೊಟ್ಟಾಗಿದೆ. ಕೊಲಂಬಸ್ ದಾರಿ ತಪ್ಪಿ ಬಂದು ಇಟ್ಟ ಹೆಸರು. ನಮ್ಮ ದೇಶದ ಹೆಸರು ಇವರ ಹಣೆಗೆ ಅಂಟಿಕೊಂಡಿದೆ. ಅವರನ್ನು ಆಳುವ 1876ರ ಕಾಯ್ದೆಯ ಹೆಸರು ಇವತ್ತಿಗೂ 'ಇಂಡಿಯನ್ ಆಕ್ಟ್'.

ಜನ ಮಾತ್ರ ಆ ಪದ ಬಿಟ್ಟರು. ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಅಂತ ಮೂರು. ನಾನು ಶಾಲೆಯಲ್ಲಿ 'ಎಸ್ಕಿಮೊ' ಅಂತ ಕಲಿತದ್ದು. ಇಗ್ಲೂ ಮನೆಯ ಚಿತ್ರ ಬರೆದು ಹತ್ತಕ್ಕೆ ಹತ್ತು ತಗೊಂಡಿದ್ದೆ. ಇನ್ಯುಯಿಟ್ ಅನ್ನುವುದು ಅವರೇ ತಮಗೆ ಹೇಳಿಕೊಳ್ಳುವ ಹೆಸರು. ಜನರು ಅಂತ ಅದರ ಅರ್ಥ. ಇಲ್ಲಿನ ಕರಾವಳಿಯ ಉತ್ತರಕ್ಕೆ ಒಂದು ದ್ವೀಪಗಳ ಗುಂಪಿದೆ. ಇಂಗ್ಲೆಂಡಿನ ರಾಣಿ ಷಾರ್ಲೆಟ್ ಹೆಸರು ಇತ್ತು. 2010ರಲ್ಲಿ ಅದಕ್ಕೆ ಅಲ್ಲಿನ ಹೈಡಾ ಜನರ ಹೆಸರೇ ಮರಳಿ ಬಂತು, ಹೈಡಾ ಗ್ವಾಯಿ.

ವ್ಯಾಂಕೂವರ್‌ನಲ್ಲಿ ಶಾಲೆಯ ಸಭೆ ಇರಲಿ, ಕಚೇರಿಯ ಮೀಟಿಂಗ್ ಇರಲಿ, ಮೊದಲು ಒಂದು ಮಾತು ಹೇಳುತ್ತಾರೆ: ನಾವು ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇಲ್ ವಾಟುತ್ ಜನರ ಬಿಟ್ಟುಕೊಡದ ನೆಲದಲ್ಲಿ ಇದ್ದೇವೆ ಅಂತ. ಬಿಟ್ಟುಕೊಡದ ಅನ್ನುವುದು ಮುಖ್ಯ. ಒಪ್ಪಂದವೇ ಆಗದೆ ಹಿಡಿದ ನೆಲ. ಮೊದಮೊದಲು ಕೇಳಿದಾಗ ಮೈ ಜುಮ್ ಅಂದಿತ್ತು. ಈಗ ಎಷ್ಟೋ ಕಡೆ ಹಾಜರಿ ಕೂಗಿದ ಹಾಗೆ ಹೇಳಿ ಮುಗಿಸುತ್ತಾರೆ. ಹೇಳಿದ ಮೇಲೆ ನೆಲ ಏನೂ ವಾಪಸ್ ಹೋಗುವುದಿಲ್ಲ. ಆದರೂ ನನ್ನ ಮಗಳಿಗೆ ಆ ಮೂರು ಹೆಸರು ಬಾಯಿಪಾಠ. ನಾನು ಅವಳ ವಯಸ್ಸಿನಲ್ಲಿ ನಮ್ಮ ಊರಿನ ಕಾಡಿನಲ್ಲಿ ಮಲೆಕುಡಿಯರು ಇದ್ದಾರೆ ಅನ್ನುವುದನ್ನೂ ತಿಳಿದಿರಲಿಲ್ಲ.

ಇಲ್ಲಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿ, ಭಾಷೆ ಮರೆಸಿ, ಕೂದಲು ಕತ್ತರಿಸಿ, ಎಷ್ಟೋ ಮಕ್ಕಳು ಅಲ್ಲೇ ಸತ್ತರು. ಅಂಥ ಶಾಲೆಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. 2021ರಿಂದ ಸೆಪ್ಟೆಂಬರ್ 30ನ್ನು ಅದರ ನೆನಪಿನ ದಿನವಾಗಿ ರಜೆ ಕೊಡುತ್ತಾರೆ. ಮಕ್ಕಳು ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಹೋಗುತ್ತಾರೆ. ಅಂಗಡಿಯಲ್ಲಿ ಮಗಳಿಗೆ ಆ ಅಂಗಿಯ ಅಳತೆ ನೋಡುವಾಗ, ಇದು ಇಷ್ಟು ಚಿಕ್ಕ ಅಳತೆಯಲ್ಲೂ ಇದೆಯಲ್ಲ ಅಂತ ನಿಂತುಬಿಟ್ಟೆ.

ನಿವೃತ್ತ_ಮೇಷ್ಟ್ರು

ಒಂದು ಸಣ್ಣ ಸಂಗತಿ ಸೇರಿಸುತ್ತೇನೆ. ಕಬಿನಿ_ದಡ ಅವರ ಫಲಕಕ್ಕೆ ನೇರ ಸಂಬಂಧ ಇದೆ.

ನಿಮ್ಮ ಸಾಲಿನಲ್ಲಿ ಜೇನು ಕುರುಬ ಅನ್ನುವ ಹೆಸರನ್ನು ಸರಿಯಾಗಿ ಪೂರ್ತಿ ಬರೆದಿದ್ದೀರಿ. ಬರೀ 'ಕುರುಬ' ಅಂತ ಎಲ್ಲೂ ಬರೆಯಬೇಡಿ. ಕುರಿ ಸಾಕುವ ಕುರುಬರು ಬೇರೆ ಸಮುದಾಯ. ಹಿಂದಿನ ಬ್ರಿಟಿಷ್ ಬರಹಗಳಲ್ಲಿ ಕುರುಬ, ಕುರುಂಬ, ಕುರುಮನ್ ಎಲ್ಲ ಕಲಸಿಹೋಗಿವೆ. ಕಿವಿಗೆ ಬಿದ್ದಂತೆ ಬರೆದುಕೊಂಡರು. ಆ ಕಲಸುಮೇಲೋಗರ ಪಟ್ಟಿಗಳಿಗೂ ಇಳಿಯಿತು.

ಅದರ ಫಲ ಏನು ಅಂತ ನಾನು ನೋಡಿದ್ದೇನೆ. ನನ್ನ ಕ್ಲಾಸಿನಲ್ಲಿ ಬೆಟ್ಟ ಕುರುಬ ಹುಡುಗಿ ಒಬ್ಬಳಿದ್ದಳು. ಹತ್ತನೇ ತರಗತಿಯಲ್ಲಿ ಒಳ್ಳೆ ಅಂಕ. ಮುಂದೆ ಹಾಸ್ಟೆಲ್ ಸೇರಲು ಪ್ರಮಾಣಪತ್ರ ಬೇಕಿತ್ತು. ತಾಲ್ಲೂಕಿನ ಕಚೇರಿಯೊಂದರಲ್ಲಿ, ಪಟ್ಟಿಯಲ್ಲಿ 'ಕಾಡು ಕುರುಬ' ಅಂತ ಇದೆ, 'ಬೆಟ್ಟ ಕುರುಬ' ಇಲ್ಲ ಅಂತ ತಿರುಗಿಸಿ ಕಳಿಸಿದರು. ನಾನೂ ಜೊತೆಗೆ ಮೂರು ಸಲ ಹೋದೆ. ಅದೇ ಜನ, ಅದೇ ಕಾಡು, ಒಂದು ಪದದ ವ್ಯತ್ಯಾಸ. ಅವಳು ಕಾಫಿ ತೋಟದ ಕೂಲಿಗೆ ಹೋದಳು. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಬೆಟ್ಟ ಕುರುಬ ಅನ್ನುವುದನ್ನು ಕಾಡು ಕುರುಬದ ಇನ್ನೊಂದು ಹೆಸರಾಗಿ ಪಟ್ಟಿಗೆ ಸೇರಿಸಿತು. ಪೇಪರಿನಲ್ಲಿ ಎರಡು ಸಾಲಿನ ಸುದ್ದಿ. ನಾನು ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವಳ ಮಗ ಈಗ ಏಳನೇ ಕ್ಲಾಸಿನಲ್ಲಿದ್ದಾನೆ.

ಪೋಡಿನ_ಹುಡುಗ

ಮೇಷ್ಟ್ರೇ, ಆ ತುಂಡು ಜೋಪಾನ.

ಕಬಿನಿ_ದಡ ಅವರೇ, ನಾವು ಇಲ್ಲಿ ಇಷ್ಟು ಜನ ಮಾತಾಡಿದೆವು. ಆ ಅಜ್ಜಿಯನ್ನು ಕೇಳಿದಿರಾ?

ಕಬಿನಿ_ದಡ

ಕೇಳಿರಲಿಲ್ಲ. ನಿಮ್ಮ ಪ್ರಶ್ನೆ ಓದಿ ನಾಚಿಕೆ ಆಯಿತು. ನಿನ್ನೆ ಹಾಡಿಗೆ ಹೋಗಿ ಬಂದೆ.

ಅಜ್ಜಿ ಒಲೆ ಮುಂದೆ ಕೂತಿದ್ದರು. ನಾನು ಹಾಳೆ ತೆಗೆದು, ಕಾಡುಜನ ಅನ್ನುವುದನ್ನು ಹೊಡೆದುಹಾಕಿದ್ದೇನೆ, ಆದಿವಾಸಿ ಅಂತ ಹಾಕಲಾ ಅಂತ ಕೇಳಿದೆ. ಏನು ಬೇಕಾದರೂ ಹಾಕು ಅಂದರು. ಅದಲ್ಲ ಅವರಿಗೆ ಬೇಜಾರಾಗಿದ್ದದ್ದು. ಮೊಮ್ಮಗನ ಕೈಯಲ್ಲಿ ಮೊದಲ ಸಾಲನ್ನು ಮತ್ತೆ ಓದಿಸಿದರು. ವಾಸಿಸುತ್ತಿದ್ದರು ಅನ್ನುವಲ್ಲಿ ಅವನನ್ನು ನಿಲ್ಲಿಸಿದರು.

"ಇದ್ದರು ಅಂದರೆ? ನಾವು ಸತ್ತೋದ್ವಾ?"

ನಾವೆಲ್ಲ ಹೆಸರಿನ ಪದಕ್ಕೆ ಇಷ್ಟು ಗುದ್ದಾಡಿದೆವು. ಕೊನೆಗೆ ಅಜ್ಜಿಯನ್ನು ಚುಚ್ಚಿದ್ದು ಕ್ರಿಯಾಪದ. ಹಿಂದೆ, ಇದ್ದರು, ಕಸುಬಾಗಿತ್ತು, ಮಕ್ಕಳಾಗಿದ್ದರು. ನಾಲ್ಕೂ ಕಡೆ ನಾನು ಅವರನ್ನು ಕಳೆದುಹೋದವರ ಸಾಲಿಗೆ ಸೇರಿಸಿದ್ದೆ. ಆನೆ ಫಲಕದಲ್ಲಿ ಮಾತ್ರ 'ಇಲ್ಲಿ ಆನೆಗಳಿವೆ' ಅಂತ ಬರೆದಿದ್ದೇನೆ.

ಆಮೇಲೆ ಎರಡು ಗಂಟೆ ಮಾತಾಡಿದರು. ಅವರ ಗಂಡ ಆನೆ ಕಾವಾಡಿ, ಅಂದರೆ ಮಾವುತರ ಸಹಾಯಕ, ಆಗಿದ್ದರಂತೆ. ಮಾವನ ಕಾಲದಲ್ಲಿ ಕಾಕನಕೋಟೆಯಲ್ಲಿ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವುದು, ನಡೆಯುತ್ತಿತ್ತು. 1971ರಲ್ಲಿ ಕೊನೆಯದು ಆಯಿತಲ್ಲ, ಅದಕ್ಕೆ ಮಾವ ಹೋಗಿದ್ದರಂತೆ. ಆನೆ ಹಿಡಿದವರು, ಪಳಗಿಸಿದವರು ಅವರು. ಇವತ್ತಿಗೂ ದಸರಾ ಆನೆಗಳ ಎಷ್ಟೋ ಮಾವುತರು, ಕಾವಾಡಿಗಳು ಜೇನು ಕುರುಬರು. ಆನೆಯ ತೂಕ ಎಷ್ಟು ಅಂತ ಇಡೀ ಮೈಸೂರಿಗೆ ಗೊತ್ತಿರುತ್ತದೆ. ಮೇಲೆ ಕೂತವರು ಯಾವ ಹಾಡಿಯವರು ಅಂತ ನಾನೂ ಯಾವತ್ತೂ ಕೇಳಿದವಳಲ್ಲ. ಆಮೇಲೆ ಅಣೆಕಟ್ಟು ಬಂತು, ಕಾಕನಕೋಟೆ ಮುಳುಗಿತು. ರಾಷ್ಟ್ರೀಯ ಉದ್ಯಾನ ಬಂತು, ಹಾಡಿ ಹೊರಗೆ ಬಂತು. ಹಳೆ ಹಾಡಿಯಲ್ಲಿ ಹಿರಿಯರ ಕಲ್ಲು ಇದೆ. ಅಲ್ಲಿಗೆ ಹೋಗಬೇಕಾದರೆ ಈಗ ಗೇಟಿನಲ್ಲಿ ಹೆಸರು ಬರೆಸಬೇಕು. ಸೆಟ್ಲ್‌ಮೆಂಟ್_ಮನೆ ಅವರೇ, ಅಜ್ಜಿ ಇದನ್ನು ಹೇಳುವಾಗ ನಿಮ್ಮ ತಾತನ ಹಾಜರಿ ನೆನಪಾಯಿತು.

ಅಜ್ಜಿಯದು ಒಂದೇ ಬೇಡಿಕೆ. ಹಳೆ ಹಾಡಿಯ ಹೆಸರು ಫಲಕದಲ್ಲಿ ಇರಬೇಕು. ಅದನ್ನು ಅವರು ಹೇಳಿದಂತೆ, ಅವರ ನುಡಿಯ ಎಳೆತ ಬಿಡದೆ ಬರೆದುಕೊಂಡೆ. ಮೊಮ್ಮಗ ಎರಡು ಸಲ ತಿದ್ದಿದ. ಆ ಹೆಸರನ್ನು ಇಲ್ಲಿ ಹಾಕುವುದಿಲ್ಲ, ಫಲಕದಲ್ಲಿ ಇರುತ್ತದೆ.

ಇವತ್ತು ಬೆಳಿಗ್ಗೆ ಅಚ್ಚಿಗೆ ಕೊಟ್ಟ ಸಾಲುಗಳು ಇವು:

"ಇದು ಜೇನು ಕುರುಬರ ಕಾಡು. ಅವರು ಆದಿವಾಸಿಗಳು. ಈ ಅಣೆಕಟ್ಟಿಗೂ ಈ ಉದ್ಯಾನಕ್ಕೂ ಮೊದಲಿನಿಂದ ಇಲ್ಲಿದ್ದಾರೆ. ಅವರ ಹಳೆಯ ಹಾಡಿ ನೀವು ನಿಂತಿರುವ ಜಾಗದಿಂದ ಪಶ್ಚಿಮಕ್ಕಿದೆ. ಇವತ್ತು ನಿಮ್ಮ ಊಟದ ಸೊಪ್ಪು ತಂದವರೂ ಜೇನು ಕುರುಬರೇ. ಆನೆಯ ಬಗ್ಗೆ ಏನಾದರೂ ಕೇಳಬೇಕಿದ್ದರೆ ಅವರನ್ನು ಕೇಳಿ."

ಮೂರು ಸಾಲಿಗೆ ಅಂತ ಮಾಡಿದ್ದ ಫಲಕ ಇದಕ್ಕೆ ಸಾಲದು. ಅಚ್ಚಿನವರಿಗೆ ದೊಡ್ಡ ಅಳತೆ ಹೇಳಿದ್ದೇನೆ.